ಕಿವಿ ಎಲ್ಲೈತ್ರಿ ಇದಕ್ಕ

ಬೆಳಗಾವಿ ಖಡೇ ಬಜಾರದಾಗ ಪಾಟಣೇಕರ ಸಾವಕಾರ
ಗಾಜಿನ ಮ್ಯಾಲೆ ಆರು ಕ್ಯಾಮೆರಾ ಸಾಲು ಹಚ್ಚಿದ.
ಝೂಮ್ ನೋಡ್ರಿ ಇದರದು, ಅಂದಾಂವನ
ಎದುರಿನ ಮಾಳಿಗಿ ಮ್ಯಾಲೆ ಒಣಗೂ ಸೀರಿ
ನನ್ನ ಮೂಗಿಗೆ ತಂದ ಹಚ್ಚಿದ.
ಸೆರಗಿನಾಗ ಒಂದು ಎಳಿ ಬಿಟ್ಟಿತ್ತು.
ಮಗ್ಗದ ಜಾಬರ ನಾನು, ಕಣ್ಣು ಅಲ್ಲಿಗೇ ಹೋಗತೈತಿ.

ಛಲೋ ಐತ್ರಿ. ಆದರ ಕಿವಿ ಎಲ್ಲೈತ್ರಿ ಇದಕ್ಕ?

ನಕ್ಕ. ಮೂತಿ ಕೆಳಗ ಎರಡು ತೂತು ತೋರಿಸಿದ,
ಸಾಸಿವಿ ಹಿಡಿಯೂವಷ್ಟು.

ಹೋದ ವರ್ಷ ಬನಹಟ್ಟಿಯೊಳಗ, ನಮ್ಮ ಸಂಘದ ಹಾಲಿನಾಗ
ಅಂಬಕ್ಕ ಉಪ್ಪಲದಿನ್ನಿ ಬಾಗೇಶ್ರೀ ಹಾಡಿದರು.
ಮದಿವಿ ತಗಿಯೂ ಹುಡುಗನ ಕ್ಯಾಮೆರಾ ತಂದಿಟ್ಟಿದ್ವಿ.
ಧೈವತದ ಮ್ಯಾಲೆ ನಿಂತು, ಮುಂದ ಹೋಗಲೋ ಬ್ಯಾಡೋ ಅನ್ನೂವಂಗ
ಅಕ್ಕ ಸುಮ್ಮನಾದರು.
ಆ ಸುಮ್ಮನಿದ್ದದ್ದು ಖಾಲಿ ಅಂತ ತಿಳಕೊಂಡು
ಕ್ಯಾಮೆರಾ ಗಾಬರಿಯಾಗಿ ಕಿವಿ ಅಗಲ ಮಾಡಿತು.
ಹಿಂದಿನ ಓಣಿ ಪಾವರಲೂಮ್ ಎಲ್ಲಾ
ಎದ್ದು ಬಂದು ಮುಂದಿನ ಸಾಲಿನಾಗ ಕುಂತವು,
ಖಟಾಖಟ ಖಟಾಖಟ.
ಒಬ್ಬರ ಕೆಮ್ಮು, ಚಹಾದ ಬಸಿ,
ಪಡಸಾಲ್ಯಾಗ ಯಾರದೋ ಕರೆಂಟ್ ಬಿಲ್ಲಿನ ಮಾತು.
ಅಕ್ಕ ಮ್ಯಾಲಿನ ಷಡ್ಜಕ್ಕ ಏರಿದಾಗ
ಬೆದರಿ ಕಿವಿ ಮುಚಗೊಂತು.
ದಸ್ತಗೀರನ ಸಮ್ ಕೇಳಿದರ
ಕೌದಿಯೊಳಗ ತೆಂಗಿನಕಾಯಿ ಒಡದಂಗ.

ಮೂವತ್ತೊಂದು ವರ್ಷ ಆ ಖಟಾಖಟದಾಗ ದುಡದೇನಿ,
ಒಂದು ಲಾಳಿ ತಪ್ಪಿದರ ನಿದ್ದಿಯೊಳಗ ಏಳತೀನಿ.
ಮಗ್ಗದ ಮ್ಯಾಲೆ ನನಗ ಸಿಟ್ಟಿಲ್ಲ.
ಅದು ಇರೂ ಜಾಗಾದಾಗ ಇರಬೇಕು, ಅಷ್ಟ.

ಮೈಕ್ ಚುಚ್ಚಾಕ ಜಾಗಾ ಐತೇನ್ರಿ? ಹೆಡ್‌ಫೋನಿಗೆ?
ಸಾವಕಾರ ಕುರಿ ಹಲ್ಲು ನೋಡಿದಂಗ ಒಂದೊಂದೂ ತಿರುವಿ ನೋಡಿದ.
ನಾಕಕ್ಕ ಇರಲಿಲ್ಲ.
ಒಂದಕ್ಕ ಇತ್ತು, ಅರ್ಧಾ ತಾಸಿಗೆ ತಾನ ಬಂದ್ ಆಗತಿತ್ತು.
ವಿಲಂಬಿತ ಮುಗಿಯೂದ ಒಂದು ತಾಸಿಗೆ, ಅಂದೆ.
ಇನ್ನೊಂದಕ್ಕ ಎಲ್ಲಾ ಇತ್ತು,
ಆದರ ಆ ಆಟೋ ಅನ್ನೂ ಪೀಡಾ ತಗಿಯಾಕ ಬರತಿರಲಿಲ್ಲ.
ಸಂಘದ ನಲವತ್ತೊಂದು ಸಾವಿರ
ಬನೀನಿನ ಕಿಸೆದಾಗ ಬೆವರಿ ಕುಂತಿತ್ತು.

ಕಡೀಕ ಒಳಗಿಂದ ಒಂದು ಹಳೇದು ತಂದ.
ನಾಟಕ ಕಂಪನಿಯವರು ಅರ್ಧಾ ಬೆಲಿಗೆ ಬಿಟ್ಟು ಹೋಗಿದ್ದು,
ಪಟ್ಟಿಗೆ ಇನ್ನೂ ಮುಖದ ಬಣ್ಣ ಹತ್ತಿತ್ತು.
ಬಾಜೂಕ ಅವರಿಕಾಳಿನಷ್ಟು ಒಂದು ಗಾಲಿ.
ತಿರುವಿದರ ಧ್ವನಿ ಏರತೈತಿ, ಇಳೀತೈತಿ,
ಬಿಟ್ಟರ ಬಿಟ್ಟಲ್ಲೇ ನಿಲ್ಲತೈತಿ.

ಫ್ಯಾನ್ ಬಂದ್ ಮಾಡ್ರಿ. ಏನರ ಅನ್ರಿ.
ಏನು ಅನ್ಲಿ? ನಾಚಿದ. ಅರವತ್ತರ ಮನಿಷ್ಯಾ
ಕೈ ಕಟ್ಟಿ ನಿಂತು ಸಾಲಿ ಹುಡುಗನಂಗ ಸುರು ಮಾಡಿದ:
ಬೇ ಏಕೆ ಬೇ, ಬೇ ದುಣೇ ಚಾರ್,
ಬೇ ತ್ರಿಕ ಸಹಾ...
ಅಲ್ಲಿಗೆ ಯಾಕೋ ನಿಂತ.
ಹೆಡ್‌ಫೋನಿನಾಗ ಅವನ ಉಸರು, ಅದರ ಹಿಂದ ಬಜಾರ,
ಬಜಾರದ ಹಿಂದ ಎಲ್ಲೋ ಒಂದು ರಿಕ್ಷಾ.
ಯಾವುದೂ ಮುಂದ ಬರಲಿಲ್ಲ.

ಚಿತ್ರ ಮಸಕ ಬರತೈತ್ರಿ, ಆಮ್ಯಾಲೆ ಬೈಬ್ಯಾಡ್ರಿ, ಅಂದ.
ಗೋಕಾಕ ಬಸ್ಸಿನಾಗ ಅದನ್ನ ತೊಡಿ ಮ್ಯಾಲೆ ಇಟಗೊಂಡು
ಕೂಸಿನ ಟಿಕೀಟ್ ಕೇಳ್ಯಾರೇನೋ ಅಂತ ಕುಂತೆ.

ಈ ವರ್ಷನೂ ಅಕ್ಕ ಬಾಗೇಶ್ರೀನ ಎತಗೊಂಡರು,
ಧೈವತದ ಮ್ಯಾಲೆ ನಿಂತರು.
ನನ್ನ ಬೆರಳು ಗಾಲಿ ಮ್ಯಾಲಿತ್ತು, ಅಲುಗಲಿಲ್ಲ.
ಮಗ್ಗ ಕೇಳತಿದ್ವು,
ಎಷ್ಟು ದೂರ ಇದ್ದುವೋ ಅಷ್ಟ ದೂರ.

ಮರುದಿನ ಅಕ್ಕಗ ತೋರಿಸಿದೆ.
ನನ್ನ ಮುಖ ಸುಣ್ಣಾ ಬಡದಂಗ ಆಗೇತಲ್ಲೋ, ಅಂದರು.
ಆಮ್ಯಾಲೆ ಮಾತಾಡಲಿಲ್ಲ.
ಒಂದು ಕಡೆ ಕೈ ಎತ್ತಿ ನಿಲ್ಲಿಸಿದರು:
ಇಲ್ಲಿ ಉಸರು ಕದ್ದೇನಿ ನೋಡು,
ನಲವತ್ತು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

ಹಿಂದಕ್ಕ ಸರಸು. ಮತ್ತೊಮ್ಮೆ ಹಚ್ಚು.